ಮಳೆಗಾಲದ ಮಕ್ಕಳು ಮತ್ತು ಚೆನ್ನೆಮಣೆ



ಮಲ್ಪೆಯ ಕಡಲತೀರದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 169ಎ ಆದಿ ಉಡುಪಿ, ಮಣಿಪಾಲ, ಹೆಬ್ರಿಗಳನ್ನು ದಾಟಿ, ಆಗುಂಬೆ ಘಟ್ಟವನ್ನೇರಿ ತೀರ್ಥಹಳ್ಳಿಯನ್ನು ಸೇರುತ್ತದೆ. ಈ ದಾರಿಯ ಕೆಳತುದಿಯ ಮಕ್ಕಳಿಗೂ ಮೇಲ್ತುದಿಯ ಮಕ್ಕಳಿಗೂ ಸಮಾನವಾದ ಒಂದು ಸೆರೆಮನೆಯಿದೆ. ಅದು ಮಳೆಗಾಲ. ಉಡುಪಿಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್, ಆಗುಂಬೆಯಲ್ಲಿ 7,000ಕ್ಕೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ.

ಭಾರೀ ಮಳೆಯೆಂದು ಜಿಲ್ಲಾಡಳಿತವು ಶಾಲೆಗಳಿಗೆ ರಜೆ ಸಾರಿದ ದಿನ ಆದಿ ಉಡುಪಿಯಂಥ ಊರಿನ ಮನೆಯೊಳಗೆ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಹತ್ತು ಗಂಟೆಯೊಳಗೆ ಮಗು ಮಂಚದಿಂದ ಇಪ್ಪತ್ತು ಬಾರಿ ಧುಮುಕಿರುತ್ತದೆ. ಹನ್ನೊಂದಕ್ಕೆ 'ಸುಮ್ಮನೆ ಕೂತ್ಕೊ' ಎಂಬ ಗದರಿಕೆ, ಹನ್ನೆರಡಕ್ಕೆ ಬೆನ್ನಿಗೊಂದು ಪೆಟ್ಟು, ಊಟದ ಹೊತ್ತಿಗೆ ಕೈಗೊಂದು ಮೊಬೈಲು. ಮನೆ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವು ಹಿರಿಯರಿಗೆ ದೊರೆತ ಬಿಡುವೇ ಹೊರತು ಮಗುವಿಗೆ ದೊರೆತ ಶಾಂತಿಯಲ್ಲ. ಸಂಜೆ ಮೊಬೈಲು ಕಿತ್ತುಕೊಂಡಾಗ ಬೆಳಗಿನ ಗದ್ದಲ ಇಮ್ಮಡಿಯಾಗಿ ಮರಳುವುದೇ ಇದಕ್ಕೆ ಸಾಕ್ಷಿ.

ಮಣ್ಣು-ನೀರಿನ ಕೆಲಸ ಬಲ್ಲ ಗುಡ್ಡದ ಊರಿನವರಿಗೆ ಇದರ ಮರ್ಮ ತಿಳಿಯದ್ದೇನಲ್ಲ. ಇಳಿಜಾರಿನಲ್ಲಿ ರಭಸದಿಂದ ಬರುವ ನೀರಿಗೆ ಒಮ್ಮೆಲೇ ಅಡ್ಡಗೋಡೆ ಕಟ್ಟಿದರೆ ಗೋಡೆಯೇ ಕೊಚ್ಚಿಹೋಗುತ್ತದೆ. ಓಡುವ ನೀರನ್ನು ಮೊದಲು ನಡೆಸಬೇಕು, ಅನಂತರ ನಿಲ್ಲಿಸಬೇಕು, ಆಮೇಲಷ್ಟೇ ಅದು ಇಂಗುತ್ತದೆ. ಮಗುವಿನ ಚೈತನ್ಯಕ್ಕೂ ಇದೇ ಕ್ರಮ ಸಲ್ಲುತ್ತದೆ.

ಮೊದಲಿಗೆ ಮೈ ದಣಿಯಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಉಸಿರೇರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂದೆ ಇದನ್ನು ಗದ್ದೆಬದು ಪೂರೈಸುತ್ತಿತ್ತು. ಪೇಟೆಯಂಚಿನ ಗದ್ದೆಗಳು ನಿವೇಶನಗಳಾದಲ್ಲಿ ಭತ್ತದೊಂದಿಗೆ ಮಕ್ಕಳ ಓಟವೂ ಹೋಯಿತು. ಮೊದಲನೆಯದನ್ನು ಲೆಕ್ಕವಿಡುವವರಿದ್ದಾರೆ, ಎರಡನೆಯದಕ್ಕೆ ಯಾರೂ ಇಲ್ಲ. ಮಳೆ ಹೊಳವಾದಾಗ ಹಿರಿಯರೊಬ್ಬರ ಜೊತೆ ತುಂಬಿದ ತೋಡಿನಿಂದ ದೂರದ ಮರಗಳ ದಾರಿಯಲ್ಲಿ ಒಂದು ಸುತ್ತು ಬಂದರೂ ಆದೀತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನಕೊರತೆಯ ಸಮಸ್ಯೆಯಿದ್ದ 7ರಿಂದ 12 ವರ್ಷದ ಮಕ್ಕಳ ಏಕಾಗ್ರತೆಯು ಪೇಟೆಬೀದಿಯ ನಡಿಗೆಗಿಂತ ಉದ್ಯಾನದ 20 ನಿಮಿಷಗಳ ನಡಿಗೆಯ ಬಳಿಕ ಉತ್ತಮವಾಗಿತ್ತು. ಪಾಲ್ಗೊಂಡ ಮಕ್ಕಳು 17 ಮಂದಿ ಮಾತ್ರ. ಆದ್ದರಿಂದ ಇದನ್ನು ಅಂತಿಮ ತೀರ್ಪೆನ್ನಲಾಗದು. ಹೊರಗೆ ಹೋಗಲಾಗದಷ್ಟು ಮಳೆಯಿದ್ದರೆ ಮೂಲೆಯ ತೆಂಗಿನಕಾಯಿಗಳನ್ನು ಒಂದೊಂದಾಗಿ ಹೊತ್ತು ಇನ್ನೊಂದು ಮೂಲೆಗೆ ಪೇರಿಸುವ ಕೆಲಸ ಕೊಡಬಹುದು. ಹೊರುವ, ತಳ್ಳುವ, ಎಳೆಯುವ ಕೆಲಸಗಳಲ್ಲಿ ಚಡಪಡಿಸುವ ಮೈಗೊಂದು ನೆಲೆ ಸಿಗುತ್ತದೆ.

ಮೈ ದಣಿದ ಮೇಲೆ ಕೈಗೆ ಕೆಲಸ. ಇಲ್ಲಿಯೇ ತುಳುನಾಡಿನ ಜಾಣ್ಮೆಯಿರುವುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು, ಹೊರಗಿನ ಕೆಲಸ ನಿಂತು ಜಡಿಮಳೆ ಹಿಡಿದ ಕಾಲ, ಚೆನ್ನೆಮಣೆ ಹೊರಬರುವ ಕಾಲ. ಮಲೆನಾಡಿನವರು ಅಳಗುಳಿಮಣೆ ಎನ್ನುವ ಆಟದ ಬಳಗದ್ದೇ ಇದು. ಏಳೇಳರ ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಒಂದು ಗುಳಿಯ ಬೀಜಗಳನ್ನು ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ಇದು ಬಿತ್ತನೆಯೇ. ಅವಸರ ಮಾಡಿದರೆ ಲೆಕ್ಕ ತಪ್ಪುತ್ತದೆ. ಎದುರಾಳಿಯ ಸರದಿ ಮುಗಿಯುವ ತನಕ ಕಾಯಲೇಬೇಕು. 'ತಾಳ್ಮೆಯಿಂದಿರು' ಎಂದು ಯಾರೂ ಹೇಳುವುದಿಲ್ಲ, ಆಟವೇ ಹೇಳುತ್ತದೆ. ಬೀಜ ಬೀಳುವ ಟಕಟಕ ಸದ್ದಿನಲ್ಲಿ ಮಾತು ತಾನಾಗಿ ತಗ್ಗುತ್ತದೆ. ಗೆದ್ದ ಮಗು ಕುಣಿದೀತು, ಕುಣಿಯಲಿ.

ಕೊನೆಯ ಮೆಟ್ಟಿಲು ಉಸಿರು ಮತ್ತು ನಿದ್ರೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಬಿಡುವಾಗ ಇಳಿಯುತ್ತದೆ. ಆದ್ದರಿಂದ ಮಲಗುವ ಮುನ್ನ ಬಿಸಿಗಂಜಿಯನ್ನು ಆರಿಸುವವರಂತೆ ನಿಧಾನವಾಗಿ ಊದುವ ಆಟವನ್ನು ಐದಾರು ಬಾರಿ ಆಡಿಸಿದರೆ ಸಾಕು. 6ರಿಂದ 12 ವರ್ಷದವರಿಗೆ 9ರಿಂದ 12 ತಾಸಿನ ನಿದ್ರೆ ಬೇಕು. ನಿದ್ರೆಗೆಟ್ಟ ಮಗು ದೊಡ್ಡವರಂತೆ ತೂಕಡಿಸುವ ಬದಲು ಇನ್ನಷ್ಟು ಕುಣಿಯುವುದುಂಟು. ಇದನ್ನು ತುಂಟತನವೆಂದು ಶಿಕ್ಷಿಸುವುದು ಅನ್ಯಾಯ.

ಇಷ್ಟಾದರೂ ಮನೆಯಲ್ಲಿಯೂ ಶಾಲೆಯಲ್ಲಿಯೂ ಆರು ತಿಂಗಳಿಗೂ ಮೀರಿ ಚಡಪಡಿಕೆ ಮುಂದುವರಿದು, ಕಲಿಕೆಗೂ ಗೆಳೆತನಕ್ಕೂ ತೊಡಕಾದರೆ ಮಕ್ಕಳ ವೈದ್ಯರನ್ನು ಕಾಣಬೇಕು. 'ಪೋಕರಿ' ಎಂಬ ಹಣೆಪಟ್ಟಿ ಅಂಟಿಸಿ ಕೂರಬಾರದು.

ಚೆನ್ನೆಮಣೆಯಿಲ್ಲದ ಮನೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ 14 ವೃತ್ತಗಳನ್ನು ಬರೆದರಾಯಿತು. ಬೀಜಕ್ಕೆ ಹುಣಸೆ ಒಳ್ಳೆಯದು. ಕಪ್ಪು ಕಣ್ಣಿನ ಕೆಂಪು ಗುಲಗಂಜಿ ಚೆಂದವಾದರೂ ಅಗಿದರೆ ಪ್ರಾಣಾಂತಿಕ ವಿಷ. ಅದು ಬೇಡವೇ ಬೇಡ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸುಗಳಿಂದ ಎಲ್ಲ ಬೀಜಗಳೂ ದೂರವಿರಲಿ. ಬೇಸಿಗೆಯ ಹುಣಸೆಹಣ್ಣು ಬಿಡಿಸುವಾಗಲೇ 56 ಬೀಜಗಳನ್ನು ಎಣಿಸಿ, ತೊಳೆದು, ಬಿಸಿಲಿಗೆ ಹಾಕಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು.