ಕೋಲು ಕೊಡುವ ಮೊದಲು ಎಲೆ ನೋಡಿ

(ಅಕ್ಷರ ಕೇಂದ್ರದಲ್ಲಿ ಆಡಿದ ಮಾತು)



ದಿನಾ ನಾನು ನಿಮಗೆ ಅಕ್ಷರ ಹೇಳಿಕೊಡುತ್ತೇನೆ. ಇವತ್ತು ಪಾಠ ಇಲ್ಲ. ಮರಗೆಣಸಿನ ಬಗ್ಗೆ ನಾಲ್ಕು ಮಾತು ಆಡಲಿಕ್ಕೆ ಉಂಟು. "ಮರಗೆಣಸು ನಮಗೆ ಗೊತ್ತಿಲ್ವಾ ಟೀಚರೇ?" ಅಂತ ನೀವು ನಗಬಹುದು. ನನಗೂ ಗೊತ್ತುಂಟು ಅಂತಲೇ ನಾನು ತಿಳಿದಿದ್ದೆ. ಗೊತ್ತಿಲ್ಲ ಅಂತ ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ಹೇಳುತ್ತೇನೆ.

ನಮ್ಮ ಮನೆಯ ಹಿಂದೆ ಐದು ಸೆಂಟ್ಸ್ ಗುಡ್ಡೆ ಜಾಗ ಉಂಟು. ಅಲ್ಲಿ ನಾನು ಮರಗೆಣಸು ನೆಟ್ಟೆ. ಕೋಲು ನೆಂಟರ ಮನೆಯಿಂದ ತಂದದ್ದು. ಗಿಡ ಬಂತು. ಆದರೆ ಎಲೆಯಲ್ಲಿ ಅಲ್ಲಲ್ಲಿ ಹಳದಿ ಮಚ್ಚೆ. ಕೆಲವು ಎಲೆ ಮುರುಟಿಕೊಂಡಿತ್ತು. ಬಿಸಿಲು ಜಾಸ್ತಿ ಆಯಿತು ಅಂದುಕೊಂಡೆ. ಹತ್ತು ತಿಂಗಳ ಮೇಲೆ ಅಗೆದೆ. ಗೆಣಸು ಅಷ್ಟಕ್ಕಷ್ಟೇ. ಅದಕ್ಕೂ ಬಿಸಿಲಿಗೇ ಬೈದೆ. ಉಳಿದ ಕೋಲನ್ನು ಬಿಸಾಡುವುದು ಯಾಕೆ ಅಂತ ಮೂರು ಮನೆಗೆ ಹಂಚಿದೆ.

ಆ ಮೂರರಲ್ಲಿ ಒಂದು ಮನೆಯ ಅಕ್ಕ ಬೀಡಿ ಕಟ್ಟುವವರು. ಎರಡು ಚಿಕ್ಕ ಮಕ್ಕಳು. ಅವರು ತಮ್ಮ ಇಡೀ ಜಾಗಕ್ಕೆ ನಾನು ಕೊಟ್ಟ ಕೋಲನ್ನೇ ನೆಟ್ಟರು. ಮರುವರ್ಷ ಅಗೆದಾಗ ಬೆರಳಿನಷ್ಟು ದಪ್ಪದ ಬೇರು. ಅವರು ನನಗೆ ಬೈಯಲಿಲ್ಲ. "ಆಟಿಗೆ ಅಂತ ನೆಟ್ಟದ್ದು ಟೀಚರೇ" ಅಂದರು, ಅಷ್ಟೆ. ಆಟಿ ತಿಂಗಳಲ್ಲಿ ಮಳೆ ಬಿಡುವುದಿಲ್ಲ, ಕೂಲಿ ಕೆಲಸ ಸಿಗುವುದಿಲ್ಲ. ಆ ತಿಂಗಳ ಹೊಟ್ಟೆಯ ಲೆಕ್ಕವನ್ನು ನಾನು ತಪ್ಪಿಸಿಬಿಟ್ಟಿದ್ದೆ.

ಅದು ಬಿಸಿಲಲ್ಲ, ರೋಗ. ಅದಕ್ಕೆ ಮೊಸಾಯಿಕ್ ರೋಗ ಅನ್ನುತ್ತಾರೆ. ಕಣ್ಣಿಗೆ ಕಾಣದ ವೈರಸ್‌ನಿಂದ ಬರುತ್ತದೆ. ಬಿಳಿ ನೊಣ ಎಂಬ ಸಣ್ಣ ಹುಳ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಊರಿಂದ ಊರಿಗೆ ಒಯ್ಯುವವರು ನಾವು. ಯಾಕೆಂದರೆ ಮರಗೆಣಸನ್ನು ನಾವು ಬೀಜದಿಂದ ಬೆಳೆಸುವುದಿಲ್ಲ. ಕೋಲು ತುಂಡು ಮಾಡಿ ನೆಡುತ್ತೇವೆ. ತಾಯಿ ಗಿಡಕ್ಕೆ ರೋಗ ಇದ್ದರೆ ತುಂಡಿನೊಳಗೂ ರೋಗ ಇರುತ್ತದೆ.

ಈ ರೋಗ ಒಂದು ದೇಶವನ್ನೇ ಹಸಿವೆಗೆ ನೂಕಿದ ಕಥೆ ಉಂಟು. ಕೇಳಿ.

ಆಫ್ರಿಕಾ ಖಂಡದಲ್ಲಿ ಉಗಾಂಡ ಎಂಬ ದೇಶ. ಅಲ್ಲಿನ ಬಡವರಿಗೆ ಮರಗೆಣಸೇ ದೊಡ್ಡ ಆಧಾರ. ಮಳೆ ಕಡಿಮೆ ಆದರೂ ಅದು ಬದುಕುತ್ತದೆ. ಮಣ್ಣಿನೊಳಗೇ ಬಿಟ್ಟು, ಬೇಕಾದಾಗ ಅಗೆದು ತಿನ್ನಬಹುದು. ಅಲ್ಲಿ 1980ರ ದಶಕದ ಕೊನೆಗೆ ಮೊಸಾಯಿಕ್ ರೋಗ ಹಿಂದೆಂದೂ ಕಾಣದಷ್ಟು ಜೋರಾಗಿ ಬಂತು. ಎರಡು ಬಗೆಯ ವೈರಸ್ ಬೆರೆತು ಹೊಸದೊಂದು ವೈರಸ್ ಹುಟ್ಟಿತ್ತು. ದೇಶದ ಪೂರ್ವ ಭಾಗದಲ್ಲಿ ಜನ ಹೆಚ್ಚಾಗಿ ಎಬ್ವನಟೆರಾಕ ಎಂಬ ಒಂದೇ ತಳಿ ನೆಡುತ್ತಿದ್ದರು. ಅದಕ್ಕೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಹೊಲಕ್ಕೆ ಹೊಲವೇ ಹೋಯಿತು. 1993-94ರ ಹೊತ್ತಿಗೆ ಅನ್ನಕ್ಕೆ ತತ್ವಾರ. ಹಸಿವೆಯಿಂದ ಸತ್ತವರೂ ಉಂಟು.

ಆಗ ಕೈ ಹಿಡಿದದ್ದು ರೋಗ ತಡೆಯುವ ತಳಿ. ಅದು ಒಂದು ದಿನದಲ್ಲಿ ಹುಟ್ಟಿದ್ದಲ್ಲ. 1930ರ ದಶಕದಲ್ಲಿ, ಈಗ ಟಾಂಜಾನಿಯ ಅನ್ನುವ ದೇಶದ ಅಮಾನಿ ಎಂಬಲ್ಲಿ ವಿಜ್ಞಾನಿಗಳು ಕೆಲಸ ಶುರು ಮಾಡಿದರು. ಮರಗೆಣಸಿನ ಕುಲದಲ್ಲೇ ರಬ್ಬರ್ ಹಾಲು ಕೊಡುವ ಒಂದು ಮರ ಉಂಟು. ನಮ್ಮ ತೋಟದ ರಬ್ಬರ್ ಅಲ್ಲ, ಬೇರೆ ಜಾತಿ. ಅದನ್ನು ಮರಗೆಣಸಿನೊಂದಿಗೆ ಕೂಡಿಸಿದರು. ಅದರ ಗಟ್ಟಿತನ ಗೆಣಸಿಗೆ ಬಂತು. ಆಮೇಲೆ ನೈಜೀರಿಯ ದೇಶದ ಇಬಾಡಾನ್ ಊರಿನ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಆ ವಂಶದಿಂದ ಒಳ್ಳೆಯ ತಳಿಗಳನ್ನು ಬೆಳೆಸಿದರು. ಅವುಗಳನ್ನು ಉಗಾಂಡದವರು ತಂದು ತಮ್ಮ ಮಣ್ಣಿನಲ್ಲಿ ಪರೀಕ್ಷೆ ಮಾಡಿದರು. ರೈತರು ಗುಂಪು ಕಟ್ಟಿ, ಒಳ್ಳೆಯ ಕೋಲು ಬೆಳೆಸಿ, ಹಂಚಿದರು. ನಿಧಾನಕ್ಕೆ ಮರಗೆಣಸು ವಾಪಸ್ ಬಂತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸುಮಾರು 2004ರಿಂದ ಅಲ್ಲಿ ಇನ್ನೊಂದು ರೋಗ ಹಬ್ಬಿತು. ಅದರಲ್ಲಿ ಗಿಡ ಮೇಲೆ ಚೆನ್ನಾಗಿಯೇ ಕಾಣಬಹುದು, ಅಗೆದರೆ ಒಳಗೆ ಗೆಣಸು ಕಂದು ಬಣ್ಣಕ್ಕೆ ತಿರುಗಿ ಕೆಟ್ಟಿರುತ್ತದೆ. ಮೊಸಾಯಿಕ್ ತಡೆದ ತಳಿಗಳೂ ಇದಕ್ಕೆ ಸೋತವು. ಮತ್ತೆ ಹೊಸ ತಳಿ ಹುಡುಕಬೇಕಾಯಿತು. ಒಂದೇ ತಳಿಯನ್ನು ನಂಬಿ ಕೂರಬಾರದು ಅಂತ ಇದರಿಂದ ತಿಳಿಯುತ್ತದೆ.

ನಮ್ಮ ಹತ್ತಿರವೂ ಈ ಕೆಲಸ ನಡೆದಿದೆ. 1942ರಲ್ಲಿ ಜಪಾನಿನವರು ಬರ್ಮಾ ದೇಶ ಹಿಡಿದಾಗ ಅಲ್ಲಿಂದ ಬರುವ ಅಕ್ಕಿ ನಿಂತಿತು. ಆಗ ಕೇರಳದ ಬಡವರ ಜೀವ ಉಳಿಸಿದ್ದರಲ್ಲಿ ಮರಗೆಣಸಿನ ಪಾಲು ದೊಡ್ಡದು. 1963ರಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಗೆಡ್ಡೆ ಗೆಣಸಿಗಾಗಿಯೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಶುರುವಾಯಿತು. ಅವರು ಕೊಟ್ಟ ತಳಿಗಳಲ್ಲಿ ಕೆಲವು ಹೆಸರು ಓದಿ ನೋಡಿ. ಶ್ರೀ ಜಯ, ಶ್ರೀ ವಿಜಯ: ಆರೇಳು ತಿಂಗಳಿಗೇ ಅಗೆಯಬಹುದು. ಶ್ರೀ ವಿಶಾಖಂ: ಒಳಗಿನ ತಿರುಳು ಹಳದಿ. ಶ್ರೀ ಪದ್ಮನಾಭ, ಶ್ರೀ ರಕ್ಷಾ: ಮೊಸಾಯಿಕ್ ರೋಗ ತಡೆಯುತ್ತವೆ. ಕೆಲವು ತಳಿ ಊಟಕ್ಕೆ ಒಳ್ಳೆಯದು, ಕೆಲವು ಹಿಟ್ಟಿಗೆ. ಪಾಯಸದ ಸಾಬಕ್ಕಿ ಉಂಟಲ್ಲ, ಅದು ಸೇಲಂ ಕಡೆ ಮರಗೆಣಸಿನ ಹಿಟ್ಟಿನಿಂದಲೇ ಆಗುವುದು. ಹಾಗಾಗಿ ತಳಿ ಕೇಳುವಾಗ "ಬೇಯುತ್ತದಾ? ಕಹಿ ಉಂಟಾ? ಎಷ್ಟು ತಿಂಗಳು? ರೋಗ ತಡೆಯುತ್ತದಾ?" ಅಂತ ನಾಲ್ಕನ್ನೂ ಕೇಳಿ. ಒಲೆಯ ಮುಂದೆ ಕೂರುವವರು ನೀವು. ಕೇಳುವ ಹಕ್ಕು ನಿಮ್ಮದು.

ಹೊಸ ತಳಿ ಸಿಗಲಿ, ಸಿಗದಿರಲಿ, ಈ ಕೆಲಸ ನಮ್ಮ ಕೈಯಲ್ಲೇ ಉಂಟು.

ಗಿಡ ಹಸಿರಾಗಿರುವಾಗಲೇ ಗುಡ್ಡೆಗೆ ಹೋಗಿ. ಎಲೆಯಲ್ಲಿ ಮಚ್ಚೆ, ಮುರುಟು ಇಲ್ಲದ ಗಿಡಕ್ಕೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿ. ಕೋಲು ಆ ಗಿಡದ್ದೇ ಆಗಬೇಕು. ಎಲೆ ಉದುರಿದ ಮೇಲೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯುವುದಿಲ್ಲ.

ಅಗೆದ ಮೇಲೆ ಕೋಲನ್ನು ನೆರಳಿನಲ್ಲಿ, ಗಾಳಿ ಆಡುವಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ.

ನೆಡುವಾಗ ತುದಿಯ ಎಳೆ ಭಾಗ ಬೇಡ, ಬುಡದ ಗಟ್ಟಿ ಭಾಗವೂ ಬೇಡ. ನಡುವಿನದ್ದು ತೆಗೆದು ಒಂದು ಗೇಣಿನಷ್ಟು ಉದ್ದಕ್ಕೆ ತುಂಡು ಮಾಡಿ.

ತುಂಡುಗಳನ್ನು ಮೊದಲು ಒಂದು ಸಣ್ಣ ಮಡಿಯಲ್ಲಿ ಒತ್ತೊತ್ತಾಗಿ ಊರಿ, ನೀರು ಹಾಕಿ. ಮೂರು ನಾಲ್ಕು ವಾರದಲ್ಲಿ ಚಿಗುರು ಬರುತ್ತದೆ. ಚಿಗುರಿನಲ್ಲಿ ಮಚ್ಚೆ ಕಂಡದ್ದನ್ನು ಕಿತ್ತು ಸುಟ್ಟುಬಿಡಿ. ಉಳಿದದ್ದನ್ನು ಗುಡ್ಡೆಗೆ ನೆಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಮೂರು ಅಡಿ ಇರಲಿ.

ಒಂದು ಲೆಕ್ಕ ಮಾಡೋಣ. ಒಂದು ಒಳ್ಳೆಯ ಗಿಡದಿಂದ ಸುಮಾರು 10 ತುಂಡು ಸಿಗುತ್ತದೆ. ಮುಂದಿನ ವರ್ಷ 10 ಗಿಡ. ಅದರ ಮುಂದಿನ ವರ್ಷ 100 ಗಿಡ. ಒಳ್ಳೆಯದು ಹೀಗೆ ಬೆಳೆಯುತ್ತದೆ. ರೋಗವೂ ಹೀಗೇ ಬೆಳೆಯುತ್ತದೆ. ಮೊದಲ ಕೋಲು ಯಾವುದು ಅನ್ನುವುದೇ ಮುಖ್ಯ.

ತಿನ್ನುವ ವಿಷಯದಲ್ಲೂ ಎಚ್ಚರ ಬೇಕು. ಮರಗೆಣಸಿನಲ್ಲಿ ವಿಷದ ಅಂಶ ಉಂಟು. ಕಹಿ ತಳಿಯಲ್ಲಿ ಜಾಸ್ತಿ. ಹಸಿಯಾಗಿ ತಿನ್ನಬೇಡಿ, ಮಕ್ಕಳಿಗೂ ಕೊಡಬೇಡಿ. ಸಿಪ್ಪೆ ಪೂರ್ತಿ ತೆಗೆದು, ಹೋಳು ಮಾಡಿ, ಜಾಸ್ತಿ ನೀರಿನಲ್ಲಿ ಮುಚ್ಚಳ ಹಾಕದೆ ಬೇಯಿಸಿ. ಆ ನೀರನ್ನು ಚೆಲ್ಲಿ. ಹಸಿ ಎಲೆ, ಸಿಪ್ಪೆಗೆ ಆಡು, ದನ ಬಾಯಿ ಹಾಕದ ಹಾಗೆ ನೋಡಿ. ಮರಗೆಣಸು ಹೊಟ್ಟೆ ತುಂಬಿಸುತ್ತದೆ, ಆದರೆ ಮೈ ಬೆಳೆಯಲು ಅದೊಂದೇ ಸಾಲದು. ಜೊತೆಗೆ ಮೀನು ಸಾರೋ, ಹೆಸರೋ, ಕಡಲೆಯೋ ಬೇಕು. ಅಗೆದ ಗೆಣಸು ಎರಡು ಮೂರು ದಿನಕ್ಕೇ ಕೆಡುತ್ತದೆ. ಜಾಸ್ತಿ ಇದ್ದರೆ ಹೋಳು ಬೇಯಿಸಿ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಡಬ್ಬದಲ್ಲಿ ಇಡಿ. ಆಟಿಗೆ ಆಗುತ್ತದೆ.

ಇನ್ನು ನನ್ನ ತಪ್ಪಿನ ಮಾತು. ನನ್ನ ಗುಡ್ಡೆಯ ಗಿಡ ಎಲ್ಲ ಕಿತ್ತು ಸುಟ್ಟೆ. ಆ ಮೂರು ಮನೆಗೂ ಹೋಗಿ ಹೇಳಿದೆ, ಅವರೂ ಸುಟ್ಟರು. ರೋಗ ಇಲ್ಲದ ಕೋಲು ಬೇರೆ ಕಡೆಯಿಂದ ತಂದು ಮೊದಲು ಆ ಬೀಡಿ ಕಟ್ಟುವ ಅಕ್ಕನಿಗೇ ಕೊಟ್ಟೆ. ಅವರು ಈಗ ನಮ್ಮ ಕೇಂದ್ರದಲ್ಲೇ ಕಲಿಯುತ್ತಿದ್ದಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಕೋಲಿನ ಕಟ್ಟು ನೆರಳಿನಲ್ಲಿ ನಿಂತಿತ್ತು. ಅದಕ್ಕೆ ಒಂದು ರಟ್ಟಿನ ಚೂರು ಕಟ್ಟಿದ್ದರು. ರಟ್ಟಿನ ಮೇಲೆ ತಳಿಯ ಹೆಸರು, ಯಾರ ಮನೆಯಿಂದ ಬಂತು, ಯಾವ ತಿಂಗಳು ಅಗೆದದ್ದು, ಎಲ್ಲ ಬರೆದಿತ್ತು. ಅಕ್ಷರ ಸ್ವಲ್ಪ ಸೊಟ್ಟ. ನಾನು ತಿದ್ದಲಿಲ್ಲ.

"ಈ ಸಲ ನಾನು ಕೊಡುತ್ತೇನೆ ಟೀಚರೇ, ನಿಮಗೆ ಎಷ್ಟು ಕೋಲು ಬೇಕು?" ಅಂತ ಕೇಳಿದರು.

ಬರುವ ಆದಿತ್ಯವಾರ ನಾವೆಲ್ಲ ಸೇರಿ ಒಬ್ಬೊಬ್ಬರ ಗುಡ್ಡೆಗೂ ಹೋಗೋಣ. ಎಲೆ ನೋಡೋಣ. ಬರುವಾಗ ಬಟ್ಟೆಯ ಚೂರು, ರಟ್ಟು, ಪೆನ್ಸಿಲ್ ತನ್ನಿ.