ದಿಬ್ಬದ ದೂಳು, ಹೊಂಗೆಯ ಸಸಿ

ಆಷಾಢದ ಗಾಳಿ ಎದ್ದರೆ ಕೋಲಾರ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಕಿಟಕಿ ಮುಚ್ಚುತ್ತಾರೆ. ಸೈನೈಡ್ ದಿಬ್ಬಗಳ ನುಣ್ಣನೆಯ ಬೂದು ದೂಳು ನೀರಿನ ಬಿಂದಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ದಿಬ್ಬ ಉಳಿಯಿತು.

ಗಣಿಯ ಜೊತೆಗೆ ಸಾವಿರಾರು ಜನರ ಬದುಕಿನ ಗುರಿಯೂ ಕೈತಪ್ಪಿತು. ಇಂದಿಗೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರನ್ನು ಕಂಡಾಗ, ನಮ್ಮೂರಿನಲ್ಲಿ ನಮಗೇನು ಕೆಲಸ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆಗ ತಮ್ಮೂರಿನಲ್ಲೇ ಬದುಕಿಗೊಂದು ಗುರಿ ಕಂಡುಕೊಂಡ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ನೆನಪಾಗುತ್ತಾರೆ. ಮಕ್ಕಳಿಲ್ಲದ ಕೊರಗಿನಲ್ಲಿ ಕುಗ್ಗದೆ, ಪತಿ ಚಿಕ್ಕಯ್ಯನವರೊಡನೆ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟರು. ನೆಟ್ಟದ್ದಕ್ಕಿಂತ ಸಾಕಿದ್ದು ದೊಡ್ಡದು: ಬಿಂದಿಗೆಗಟ್ಟಲೆ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಪದ್ಮಶ್ರೀ ಬಂದದ್ದು ಎಷ್ಟೋ ದಶಕಗಳ ನಂತರ, 2019ರಲ್ಲಿ.

ನಾವೂ ಅವರಂತೆ ಸಸಿ ನೆಟ್ಟು ಸಾಕಬಹುದು. ನಮ್ಮ ದಿಬ್ಬದ ನೆತ್ತಿಯ ಮೇಲೆ ಸಸಿ ಹಿಡಿಯುವುದು ಸುಲಭವಲ್ಲ. ದಿಬ್ಬಕ್ಕೆ ಹಸಿರು ಹೊದಿಸುವುದು ಸರ್ಕಾರದ ಹೊಣೆ. ಅದನ್ನು ನಾವು ಬಿಡದೆ ಕೇಳಬೇಕು. ಆದರೆ ಬಡಾವಣೆಯ ಅಂಚಿನಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಹೊಂಗೆ, ಬೇವು ಚೆನ್ನಾಗಿ ಬರುತ್ತವೆ. ದೂಳನ್ನೂ ಒಂದಿಷ್ಟು ತಡೆಯುತ್ತವೆ. ಪಾತಿಗೆ ಒಣ ಎಲೆ ಹೊದಿಸಿ, ಎರಡು ಬೇಸಿಗೆ ತಪ್ಪದೆ ನೀರು ಕೊಡಿ. ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಗುತ್ತವೆ; ಮುಂಗಾರಿಗೆ ಮುಂಚೆಯೇ ನಿಮ್ಮ ಬೀದಿಯಲ್ಲಿ ಗುಂಡಿ ತೋಡಿಡಿ.