ಹ್ಯಾಂಡಲ್ ಏಕೆ ನಡುಗುತ್ತದೆ?



ಆಸ್ಪತ್ರೆಯ ತಳ್ಳುಗಾಡಿಯನ್ನು ಜೋರಾಗಿ ತಳ್ಳಿದಾಗ ಅದರ ಪುಟ್ಟ ಚಕ್ರ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಮಣ್ಣಿನ ಹಾದಿಯ ಪಂದ್ಯಗಳಲ್ಲಿ ಓಡುವ ನಾಲ್ಕು ಚಕ್ರದ ಎ.ಟಿ.ವಿ.ಯಲ್ಲೂ ಇಂಥದೇ ತೊಂದರೆ ಬರುವುದುಂಟು. ಆದರೆ ಅಲ್ಲಿ ವೇಗ ಹೆಚ್ಚು. ಹ್ಯಾಂಡಲ್ ಕೈತಪ್ಪಿದರೆ ಸವಾರನ ಪ್ರಾಣಕ್ಕೇ ಅಪಾಯ.

ನಡುಕ ಕಂಡೊಡನೆ ಕೆಲವರು ಸ್ಟಿಯರಿಂಗ್ ಡ್ಯಾಂಪರ್ ಎಂಬ ಸಾಧನವನ್ನು ಜೋಡಿಸಿಬಿಡುತ್ತಾರೆ. ಅದು ನಡುಕವನ್ನು ತಗ್ಗಿಸುತ್ತದೆ, ನಿಜ. ಆದರೆ ಜ್ವರಕ್ಕೆ ಮಾತ್ರೆ ನುಂಗಿ ರೋಗವನ್ನು ಮರೆತಂತೆ, ಸವೆದ ಕೀಲು ಒಳಗೇ ಸವೆಯುತ್ತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಸವಾರನನ್ನು ಒಂದು ಪ್ರಶ್ನೆ ಕೇಳಿ: ನಡುಕ ಯಾವಾಗ ಬರುತ್ತದೆ? ಸಮತಟ್ಟಾದ ನೆಲದಲ್ಲೇ ಬಂದರೆ ಟೈರು, ಕೀಲು ಅಥವಾ ಚಕ್ರದ ಕೋನದ ಮೇಲೆ ಅನುಮಾನ. ಹಳ್ಳದಿಣ್ಣೆಯಲ್ಲಿ ಮಾತ್ರ ಹ್ಯಾಂಡಲ್ ಜಗ್ಗಿದರೆ ಸಸ್ಪೆನ್ಷನ್ನಿನ ರಚನೆಯ ಮೇಲೆ ಅನುಮಾನ.

ಎಂಜಿನ್ ನಿಲ್ಲಿಸಿ, ಬಂಡಿಯ ಮುಂಭಾಗವನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ. ಚಕ್ರವನ್ನು ತಿರುಗಿಸಿ ನೋಡಿ; ರಿಮ್ ಸೊಟ್ಟಗಿದ್ದರೆ ಕಣ್ಣಿಗೇ ಕಾಣುತ್ತದೆ. ಎರಡೂ ಟೈರುಗಳ ಗಾಳಿಯ ಒತ್ತಡ ಸಮನಾಗಿರಲಿ. ಬಳಿಕ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಪರೀಕ್ಷಿಸಿ. ಎಡ ಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲವೆನಿಸಿದರೆ ಟೈ ರಾಡಿನ ತುದಿಗಳನ್ನು ನೋಡಿ. ಈ ಸಡಿಲವನ್ನು ಸರಿಪಡಿಸದೆ ಕೋನಗಳನ್ನು ಅಳೆದು ಪ್ರಯೋಜನವಿಲ್ಲ, ಅಳತೆಯೇ ಅಲುಗಾಡುತ್ತದೆ.

ನಂತರ ಬಂಡಿಯನ್ನು ನೆಲಕ್ಕಿಳಿಸಿ, ಸವಾರನನ್ನು ಕೂರಿಸಿ, ಹ್ಯಾಂಡಲನ್ನು ನೇರವಾಗಿಡಿ. ಎರಡು ಮುಂಚಕ್ರಗಳ ನಡುವಿನ ಅಂತರವನ್ನು ಅಚ್ಚಿನ ಎತ್ತರದಲ್ಲಿ, ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಈ ವ್ಯತ್ಯಾಸವೇ 'ಟೋ'. ಅದು ಎಷ್ಟಿರಬೇಕೆಂದು ತಯಾರಕರ ಕೈಪಿಡಿ ತಿಳಿಸುತ್ತದೆ.

ಇನ್ನು 'ಕ್ಯಾಸ್ಟರ್'. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೆನಪಿಸಿಕೊಳ್ಳಿ. ಚಕ್ರ ಹೊರಳುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿದ್ದರೆ, ಓಡುವ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ವಾಲು ತೀರಾ ಕಡಿಮೆಯಾದರೆ ಬಂಡಿ ಅತ್ತಿತ್ತ ಅಲೆಯುತ್ತದೆ. ತೀರಾ ಹೆಚ್ಚಾದರೆ ಹ್ಯಾಂಡಲ್ ಭಾರವಾಗುತ್ತದೆ.

ಕೊನೆಯದು, ಹಳ್ಳದಿಣ್ಣೆಯ ಜಗ್ಗಾಟ. ಚಕ್ರ ಮೇಲೇರುವಾಗ ಅದನ್ನು ಹಿಡಿದಿರುವ ತೋಳುಗಳು ಒಂದು ಕಮಾನಿನಲ್ಲಿ ಚಲಿಸುತ್ತವೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಸವಾರ ತಿರುಗಿಸದಿದ್ದರೂ ಚಕ್ರ ತಾನೇ ಹೊರಳುತ್ತದೆ. ಬಂಡಿ ಅಗಲವಾಗಲೆಂದು ಉದ್ದನೆಯ ತೋಳುಗಳನ್ನು ಹಾಕಿ, ಟೈ ರಾಡಿನ ಉದ್ದವನ್ನೂ ಸ್ಥಾನವನ್ನೂ ಅದಕ್ಕೆ ಹೊಂದಿಸದಿದ್ದರೆ ಹೀಗಾಗುತ್ತದೆ. ಶಾಕ್ ಅಬ್ಸಾರ್ಬರನ್ನು ಬಿಚ್ಚಿ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ಚಕ್ರವನ್ನು ಜ್ಯಾಕಿನಿಂದ ನಿಧಾನವಾಗಿ ಎತ್ತಿದರೆ ಈ ದೋಷ ಎದುರಿಗೇ ಕಾಣುತ್ತದೆ.

ಒಂದು ಮುಖ್ಯ ಮಾತು: ಒಮ್ಮೆಗೆ ಒಂದನ್ನೇ ಬದಲಿಸಿ, ಬರೆದಿಡಿ, ಹೆಲ್ಮೆಟ್ ಧರಿಸಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ನಡುಕ ನಿಲ್ಲಬಹುದು, ಕಾರಣ ಮಾತ್ರ ತಿಳಿಯದು. ಕಾರಣ ತಿಳಿಯದ ದೋಷ ಪಂದ್ಯದ ದಿನವೇ ಮರಳಿ ಬರಬಹುದು.

ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ಬಾಜಾ ಸ್ಪರ್ಧೆ ಇಂದು ಭಾರತದಲ್ಲೂ ನಡೆಯುತ್ತಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಅದಕ್ಕಾಗಿ ಇಂಥ ಮಣ್ಣುಹಾದಿಯ ಬಂಡಿಗಳನ್ನು ಕಟ್ಟುತ್ತಾರೆ. ನಾಳೆ ನೀವೂ ಕಟ್ಟಬಹುದು. ಅದರಲ್ಲಿ ಕೂರುವವನು ನಿಮ್ಮ ಗೆಳೆಯನೇ ಆಗಿರುತ್ತಾನೆ ಎಂಬುದು ನೆನಪಿರಲಿ.